ಬೆರಕೆ ಸೊಪ್ಪಿಗೆ ತೆತ್ತ ಬಾಡಿಗೆ

ಇಲ್ಲಿ ಕೊಲ್ಲಿ ದೇಶದಲ್ಲಿ, ಅಲ್ ಐನ್‌ನ ಒಂದು ತೋಟದಲ್ಲಿ ಕಳೆ ಕೀಳದೆ ಬಿಡುವುದಕ್ಕೆಂದೇ ನಾನು ಇಡೀ ಚಳಿಗಾಲದ ಬಾಡಿಗೆ ತೆತ್ತಿದ್ದೇನೆ. ನೈಫ್ ಪೇಟೆಯಲ್ಲಿ ತರಕಾರಿ ಅಂಗಡಿ ಇಟ್ಟುಕೊಂಡು ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವವನು ನಾನು. ಕೇಳಿದವರು ನಕ್ಕರು, ನಗಲಿ. ಆ ವರ್ಷ ನನ್ನ ಹೆಂಡತಿ ಊಟ ಬಿಟ್ಟಿದ್ದಳು. ದೊಡ್ಡ ಆಪರೇಷನ್ ಆಗಿ ಗಾಯ ಮಾಯ್ದರೂ ನಾಲಿಗೆಗೆ ರುಚಿ ಮರಳಿರಲಿಲ್ಲ. ಹೀಗೇ ತೂಕ ಇಳಿಯುತ್ತಾ ಹೋದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಏನು ತಿನ್ನುತ್ತೀಯೆ ಎಂದು ಕೇಳಿ ಕೇಳಿ ನನಗೇ ಸಾಕಾದ ಮೇಲೆ, ಒಂದು ದಿನ ಗೋಡೆ ಕಡೆ ತಿರುಗಿಕೊಂಡೇ ಬೆರಕೆ ಸೊಪ್ಪಿನ ಬಸ್ಸಾರು ಎಂದಳು.

ಇಷ್ಟೇ ತಾನೆ ಎಂದು ಅಂಗಡಿಯಿಂದ ಪಾಲಕ್, ಮೆಂತ್ಯ, ಹರಿವೆ ತಂದು ಒಟ್ಟಿಗೆ ಬೇಯಿಸಿ ಬಸಿದೆ. ಅವಳು ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದಳು.

"ಇದು ಬೆರಕೆ ಅಲ್ಲ ಕಣ್ರೀ, ಮೂರು ಕಟ್ಟು ಸೊಪ್ಪು."

ಅವಳು ಹೇಳಿದ್ದು ಸರಿ. ನಮ್ಮ ಮಂಡ್ಯದ ಕಡೆ ಬೆರಕೆ ಸೊಪ್ಪನ್ನು ಯಾರೂ ಬಿತ್ತುವುದಿಲ್ಲ. ರಾಗಿ ಸಾಲಿನ ನಡುವೆ, ಬದುವಿನ ಮೇಲೆ ತಾನಾಗಿ ಹುಟ್ಟಿದ ಕಳೆಗಳ ಕುಡಿಯನ್ನು ಹೆಂಗಸರು ಮಡಿಲು ತುಂಬ ಚಿವುಟಿ ತರುತ್ತಾರೆ. ಅದರಲ್ಲಿ ಯಾವ ಸೊಪ್ಪಿನದೂ ಮೇಲುಗೈ ಆಗಬಾರದು. ಸಾರು ಉಂಡವರಿಗೆ ಇದು ಇಂಥದ್ದರ ರುಚಿ ಎಂದು ಗೊತ್ತಾದರೆ ಆರಿಸಿದವಳ ಕೈ ಪಳಗಿಲ್ಲ ಎಂದೇ ಲೆಕ್ಕ.

ನಾನು ಟೊಮೆಟೊ ಕೊಳ್ಳುತ್ತಿದ್ದ ತೋಟದ ಮೇಲ್ವಿಚಾರಕರು ಬಂಟ್ವಾಳದ ಕಡೆಯವರು. ಅವರಿಂದ ಒಂದು ಪಟ್ಟಿ ನೆಲ ಬಾಡಿಗೆಗೆ ಹಿಡಿದೆ. ಹಿಡಿದ ಮೇಲೆ ಖಾಲಿ ಬಿಡುವುದಕ್ಕೆ ವ್ಯಾಪಾರಿಯ ಮನಸ್ಸು ಒಪ್ಪಬೇಕಲ್ಲ. ಕಳೆ ಬಂದಾಗ ಬರಲಿ, ಅಷ್ಟರಲ್ಲಿ ಒಂದು ಬೆಳೆ ತೆಗೆದುಬಿಡೋಣ ಎಂದು ಹರಿವೆ ಬೀಜವನ್ನು ಒತ್ತೊತ್ತಾಗಿ ಚೆಲ್ಲಿಸಿದೆ. ಹರಿವೆ ಕಂಬಳಿ ಹಾಸಿದಂತೆ ಎದ್ದಿತು. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದೆ. ಅವಳು ನಿಧಾನವಾಗಿ ಬಗ್ಗಿ ಗಿಡಗಳನ್ನು ಎರಡೂ ಕೈಯಿಂದ ಸರಿಸಿ ನೋಡಿದಳು. ಬುಡದಲ್ಲಿ ಬರೀ ಮರಳು.

"ನೀವು ಬಿಸಿಲು ಬೀಳೋಕೇ ಜಾಗ ಬಿಟ್ಟಿಲ್ಲ. ಬೇರೆಯದು ಎಲ್ಲಿಂದ ಹುಟ್ಟುತ್ತೆ?"

ಅಷ್ಟು ಹೇಳಿ ನನ್ನ ತೋಳು ಹಿಡಿದುಕೊಂಡು ತೋಟವೆಲ್ಲ ಸುತ್ತಿದಳು. ಕಾಯಿಲೆ ಬಿದ್ದ ಮೇಲೆ ಅವಳು ಅಷ್ಟು ನಡೆದದ್ದು ಅವತ್ತೇ. ಖರ್ಜೂರದ ಮರಗಳ ಪಾತಿಯ ನೆರಳಲ್ಲಿ ಚಕ್ಕೋತ ಸೊಪ್ಪಿತ್ತು. ಮತ್ತೆ ಮತ್ತೆ ಕೊಯ್ಯುವ ಮೇವಿನ ಹೊಲದಲ್ಲಿ ಕತ್ತಿಗೆ ಸಿಗದೆ ನೆಲಕ್ಕಂಟಿದ ಗೋಣಿ ಸೊಪ್ಪು ಮಾತ್ರ ಉಳಿದಿತ್ತು. ಟೊಮೆಟೊ ಸಾಲು ಅಗಲ, ಹನಿ ನೀರು ಬೀಳುವ ಕಡೆಯೆಲ್ಲ ಕೀರೆ, ಗಣಿಕೆ ಎಂದು ಬಗೆಬಗೆಯ ಸೊಪ್ಪುಗಳು ಮೊಳಕೆ ಒಡೆದಿದ್ದವು. ಆದರೆ ಆಳುಗಳು ಅವನ್ನು ಕೆತ್ತುತ್ತಾ ಬರುತ್ತಿದ್ದರು.

ನಾನು ಮೇಲ್ವಿಚಾರಕರ ಜೊತೆ ಹೊಸದಾಗಿ ಮಾತಿಗೆ ಕೂತೆ. ಹರಿವೆ ಪಟ್ಟಿ ವಾಪಸ್ಸು, ಅದರ ಬದಲು ಅಂಚಿನ ಟೊಮೆಟೊ ಸಾಲು ನನಗೆ. ಅಲ್ಲಿ ಕೆತ್ತುವಂತಿಲ್ಲ, ಔಷಧಿ ಹೊಡೆಯುವಂತಿಲ್ಲ.

"ದುಡ್ಡು ಕೊಟ್ಟು ಕಳೆ ಸಾಕುವುದಾ ಮಾರಾಯ್ರೆ? ಅರಬಾಬ್ ನೋಡಿದ್ರೆ ನನ್ನ ಕತೆ ಖಲಾಸ್."

ತೋಟದ ಯಜಮಾನರಿಗೆ ಅವರು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಬೀಜ ಕಟ್ಟುವ ಮೊದಲೇ ಎಲ್ಲ ಕಿತ್ತು ಸಾಲು ಶುದ್ಧ ಮಾಡಿಕೊಡುತ್ತೇನೆ, ಆ ಸಾಲಿನ ಟೊಮೆಟೊ ಹೇಗೇ ಬಂದರೂ ನಾನೇ ಒಯ್ಯುತ್ತೇನೆ ಎಂದೆ. ಅವರು ನನ್ನ ಹೆಂಡತಿಯ ಮುಖವನ್ನೊಮ್ಮೆ ನೋಡಿ, ಆಯ್ತು ಎಂದರು. ನನ್ನ ಚೌಕಾಸಿಗಿಂತ ಆ ಮುಖವೇ ಕೆಲಸ ಮಾಡಿತೆಂದು ಕಾಣುತ್ತದೆ.

ಅಲ್ಲಿಂದ ಪ್ರತಿ ವಾರದ ರಜೆಗೂ ಹೋದೆವು. ಅವಳು ಬೋರಲು ಹಾಕಿದ ಟೊಮೆಟೊ ಕ್ರೇಟಿನ ಮೇಲೆ ಕೂತು, ಎಳೆಯ ಗಿಡಗಳನ್ನು ಬಳಗದವರನ್ನು ಮಾತಾಡಿಸುವಂತೆ ಗುರುತು ಹಿಡಿಯುತ್ತಿದ್ದಳು. ಕುಡಿಗಳು ಕೈಗೆ ಸಿಗುವಷ್ಟಾದ ದಿನ ತಾನೇ ಚಿವುಟಿದಳು. ನಾನು ಒಂದು ಎಲೆ ಕಿತ್ತು ಕೊಟ್ಟರೆ, ಇದರ ಪರಿಚಯ ಇಲ್ಲ ಎಂದು ಎಸೆದಳು. ಮನೆಗೆ ಬಂದು ತೊಗರಿಬೇಳೆ ಜೊತೆ ಬೇಯಿಸಿ ಬಸಿದು, ಆ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದಳು. ನಾನು ಮುದ್ದೆ ಕಟ್ಟಿದೆ, ಗಂಟಾಯಿತು. ಅವಳು ಆ ಗಂಟನ್ನೂ ಸೇರಿಸಿ ಮುದ್ದೆ ಮುಗಿಸಿದಳು. ನಾನು ಸಾರಿನ ಪಾತ್ರೆ ಕಡೆ ಕೈ ಚಾಚಿದೆ.

"ಸೌಟು ಇಲ್ಲಿ ಕೊಡಿ. ಬಡಿಸ್ಕೊಳ್ಳೋಕೆ ನನಗೆ ಕೈಯಿಲ್ವಾ?"

ನಾನು ಸೌಟು ಅವಳ ಕೈಗೆ ಕೊಟ್ಟು, ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ನಿಮಗೂ ಇಂಥ ಸೊಪ್ಪು ಬೇಕಾದರೆ ಚಳಿ ಶುರುವಾಗುವಾಗಲೇ ತೋಟದವರನ್ನು ಮಾತಾಡಿಸಿ. ಮೊದಲು ಔಷಧಿ ಹೊಡೆದಿದ್ದಾರೋ ಕೇಳಿ, ಬೆಲೆ ಆಮೇಲೆ. ಒತ್ತಾಗಿ ಬಿತ್ತಿದ ಹೊಲ ಬೇಡ, ಸಾಲು ಅಗಲ ಇರುವುದನ್ನು ಆರಿಸಿ. ಕುಡಿ ಚಿವುಟಿ, ಬೇರು ಬಿಡಿ, ಮುಂದಿನ ವಾರಕ್ಕೆ ಮತ್ತೆ ಚಿಗುರುತ್ತದೆ. ಗುರುತಿಲ್ಲದ ಎಲೆಯನ್ನು ಮುಟ್ಟಬೇಡಿ. ಮನೆಯಲ್ಲಿ ಊಟ ಬಿಟ್ಟವರಿದ್ದರೆ, ಸೊಪ್ಪು ತಂದುಕೊಡುವ ಬದಲು ಅವರನ್ನೇ ಹೊಲಕ್ಕೆ ಕರೆದೊಯ್ಯಿರಿ. ಆರಿಸುವ ಕೈ ಅವರದ್ದೇ ಇರಲಿ.