‘ನಡಿ’ ಯಾರ ಮಾತು

ಹೋದ ವಾರ ಚಳ್ಳಕೆರೆಯಲ್ಲಿ, ನಾನು ಕೆಲಸ ಮಾಡುವ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಕಾಲಿಡುತ್ತಲೇ ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಕದ್ದುಮುಚ್ಚಿ ತಂದು ರೋಗಿಯ ಕಾಲಿಗೆ ತಿಕ್ಕುತ್ತಿದ್ದರು. ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಮೊಳಕಾಲ್ಮೂರಿನ ಒಂದು ಪಡಸಾಲೆ ಕಣ್ಣಿಗೆ ಬಂತು... ಅದರ ಹಿಂದೆಯೇ, ಇಷ್ಟು ವರ್ಷದ ಮೇಲೂ, ಹಳೆಯ ಸಿಟ್ಟು.

ನರ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅಲ್ಲಿ ರೇಷ್ಮೆ ಸೀರೆ ನೇಯುವ ಮುದುಕರೊಬ್ಬರ ಮನೆಯಲ್ಲಿ ಬಾಡಿಗೆಗಿದ್ದೆ. ಅವರನ್ನು ತಾತ ಎನ್ನುತ್ತಿದ್ದೆ. ಅವರು ನನ್ನನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ಅಂಥ ಹಠಮಾರಿಯನ್ನು ನಾನು ಮತ್ತೆ ಕಂಡಿಲ್ಲ. ಅವರ ಬಳಿ ರಟ್ಟು ಕಿತ್ತುಹೋದ ಒಂದು ಕನ್ನಡ ನಿಘಂಟಿತ್ತು. ನೀರು ಕೇಳಿದರೆ ನೀರಿನ ಅರ್ಥ ಹೇಳಿ ಆಮೇಲೆ ನೀರು ಕೊಡುವ ಪೈಕಿ.

ಅವರ ಹೆಂಡತಿ, ಅಜ್ಜಿ, ಗಡಿಯಾಚೆಯ ತೆಲುಗು ಮನೆಯಿಂದ ಬಂದವರು. ಯಾವ ಮಾತು ಕನ್ನಡದ್ದು, ಯಾವುದು ತೆಲುಗಿನದು ಎಂದು ಇಬ್ಬರಿಗೂ ದಿನಾ ಜಗಳ. ಹೆಚ್ಚಿನ ಜಗಳ ‘ನಡಿ’ ಎಂಬ ಒಂದು ಮಾತಿಗೆ. ತೆಲುಗಿನಲ್ಲಿ ಅದನ್ನೇ ‘ನಡು’ ಎನ್ನುತ್ತಾರೆ. ಅಜ್ಜಿ ಹಾಗೆಂದರೆ ಸಾಕು, ತಾತ ಮಗ್ಗದಿಂದಲೇ ಕೂಗುವರು: “ನಡು ಅಂದ್ರೆ ಸೊಂಟ ಕಣೇ. ನಮ್ಮ ಮಾತು ತಗಂಡೋಗಿ ಕೆಡಿಸೀರಿ ನೀವು.”

“ಅದಿ ಮಾ ಮಾಟ,” ಅದು ನಮ್ಮ ಮಾತು, ಎಂದು ಅಜ್ಜಿ ರೊಟ್ಟಿ ತಟ್ಟುತ್ತಲೇ ಮುಗಿಸುವರು.

ಒಂದು ಬೆಳಿಗ್ಗೆ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ಕೆಲವು ದಿನಗಳ ಮೇಲೆ ಮನೆಗೆ ಕಳಿಸುವಾಗ ಡಾಕ್ಟರು, ದಿನಾ ಎಬ್ಬಿಸಿ ನಡೆಸಬೇಕು, ಹಾಸಿಗೆಗೇ ಬಿಟ್ಟರೆ ಮತ್ತೆ ಏಳುವುದು ಕಷ್ಟ ಎಂದರು. ಆ ಕೆಲಸ ನನ್ನ ಪಾಲಿಗೆ ಬಂತು. ಡ್ಯೂಟಿ ಮುಗಿಸಿ ಬಂದು, ಕರ್ಪೂರದೆಣ್ಣೆ ತಿಕ್ಕಿ, ಒಂದು ಕಡೆ ನಾನು, ಇನ್ನೊಂದು ಕಡೆ ಅವರ ಮಗ ಹಿಡಿದು ನಿಲ್ಲಿಸುತ್ತಿದ್ದೆವು. “ನಡೀರಿ ಅಜ್ಜಿ” ಎನ್ನುತ್ತಿದ್ದೆ. ಅಷ್ಟೇ ಸಾಕಿತ್ತು ತಾತನಿಗೆ.

“ನಡಿ ಅಂದ್ರೆ ಬರೀ ಕಾಲೆತ್ತಿಡೋದಲ್ಲ ಸಿಸ್ಟರಮ್ಮ. ಮಗ್ಗ ನಡೀತೈತೆ, ಅದಕ್ಕೇನು ಕಾಲೈತಾ? ಮದುವೆ ನಡೀತೈತೆ. ಮನುಷ್ಯನ ಗುಣಕ್ಕೆ ನಡತೆ ಅಂತೀವಿ. ದೊಡ್ಡೋರು ಬಂದಾಗ ದಾರಿಗೆ ಬಟ್ಟೆ ಹಾಸ್ತಾರಲ್ಲ, ಅದು ನಡೆಮಡಿ...”

ಇತ್ತ ಅಜ್ಜಿಯ ಭಾರವೆಲ್ಲ ನನ್ನ ಹೆಗಲ ಮೇಲೆ. ಅವರು ಕಾಲಿನ ಕಡೆ ಗಮನ ಕೊಡದೆ ಗಂಡನ ಬಾಯಿ ನೋಡುತ್ತ ನಿಂತುಬಿಡುವರು. ಮೊಣಕಾಲು ನಡುಗಿ ಮತ್ತೆ ಹಾಸಿಗೆಗೆ. ಮರುದಿನ ನಿಘಂಟಿನ ಇನ್ನೊಂದು ಪುಟ. ಎರಡು ವಾರ ಕಳೆದರೂ ಒಂದು ಹೆಜ್ಜೆ ಇಲ್ಲ. ಕೊನೆಗೆ ನನ್ನ ತಾಳ್ಮೆ ಹರಿಯಿತು.

“ತಾತ, ನಿಮ್ಮ ಬಾಯಿ ನಡೀತಿದ್ರೆ ಅಜ್ಜಿ ಕಾಲು ನಡೆಯಲ್ಲ. ನಾಳೆಯಿಂದ ಇಲ್ಲಿ ಇರಬ್ಯಾಡ್ರಿ.”

ಅವರು ನಿಘಂಟು ಎತ್ತಿಕೊಂಡು ಒಳಗೆ ಹೋದರು. ಮೂರು ದಿನ ನಾನು ಬಂದ ಹೊತ್ತಿಗೆ ಪಡಸಾಲೆಗೆ ಬರಲಿಲ್ಲ. ಮನೆ ತಣ್ಣಗಿತ್ತು. ಆದರೆ ಅಜ್ಜಿ ನಿಲ್ಲುವುದನ್ನೂ ಬಿಟ್ಟರು. ಎಬ್ಬಿಸಿದರೆ ಮೈ ಸಡಿಲ ಬಿಟ್ಟು, ಮಗ್ಗದ ಕೋಣೆಯ ಬಾಗಿಲು ನೋಡುತ್ತ ಕೂರುವರು. ನಾಲ್ಕನೆಯ ದಿನ ನಾನೇ ಒಳಗೆ ಹೋಗಿ ಕರೆಯಬೇಕಾಯಿತು. ಅವಮಾನಕ್ಕಿಂತ ಸಿಟ್ಟೇ ಜಾಸ್ತಿಯಿತ್ತು ನನಗೆ.

ತಾತ ಬಂದು ಅಜ್ಜಿಯ ಎದುರು ನಿಂತರು. ನಾನೂ ಮಗನೂ ಎಬ್ಬಿಸಿದೆವು. ಈ ಸಲ ಅವರು ಅರ್ಥ ಹೇಳಲು ಹೋಗಲಿಲ್ಲ. ಎರಡೂ ಕೈ ಚಾಚಿ, ಮೆಲ್ಲಗೆ, “ನಡು, ಪೋದಾಂ” ಎಂದರು. ನಡಿ, ಹೋಗೋಣ. ಅಪ್ಪ ತೆಲುಗು ಮಾತಾಡಿದ್ದನ್ನು ತಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲವೆಂದು ಮಗ ಆಮೇಲೆ ಹೇಳಿದ.

ಅಜ್ಜಿಯ ಮುಖ ಒಂದು ಬದಿಗೆ ಸೊಟ್ಟಗೆ ನಕ್ಕಿತು. ಬಲಗಾಲು ನೆಲ ಕೆರೆಯುತ್ತ ಗೇಣುದ್ದ ಮುಂದೆ ಬಂತು. ಆಮೇಲೆ, ಅಷ್ಟು ದಿನದ ಮೇಲೆ ಮೊದಲ ಸಲ, ತೊದಲುತ್ತ ಬಾಯಿ ಬಿಟ್ಟರು: “ಮಾ... ಮಾಟ.”

ನನ್ನ ಕಣ್ಣಲ್ಲಿ ನೀರು. ತಾತನ ಕಣ್ಣಲ್ಲೂ ನೀರು. ಆ ಮನುಷ್ಯ ಹೆಂಡತಿಯ ಕೈ ಬಿಡದೆ, ಮೂಗು ಒರೆಸಿಕೊಳ್ಳದೆ, “ಅಲ್ಲ ಕಣೇ, ನಮ್ದು” ಎಂದರು. ಎಣ್ಣೆ ಬಟ್ಟಲು ತಲೆಗೆ ಎಸೆಯಬೇಕು ಅನ್ನಿಸಿತು.

ಚಳ್ಳಕೆರೆಗೆ ವರ್ಗವಾಗಿ ಬಂದ ಮೇಲೆ, ಕಾಲು ನೋವಿಗೆಂದು ಬಂದ ಕನ್ನಡ ಲೆಕ್ಚರರ್ ಒಬ್ಬರನ್ನು ಈ ಮಾತಿನ ಬಗ್ಗೆ ಕೇಳಿದೆ. ಯಾರೂ ಯಾರಿಂದಲೂ ತೆಗೆದುಕೊಂಡದ್ದಲ್ಲ, ಕನ್ನಡ ತೆಲುಗು ಎರಡಕ್ಕೂ ಹಿಂದಿನ ಒಂದೇ ಮೂಲದಿಂದ ಬಂದ ಮಾತು, ಸೊಂಟದ ‘ನಡು’ ಬೇರೆಯೇ ಎಂದರು. ಒಂದು ಭಾನುವಾರ ಹೋಗಿ ಇಬ್ಬರಿಗೂ ಹೇಳಿ ಬಾಯಿ ಮುಚ್ಚಿಸಬೇಕೆಂದುಕೊಂಡಿದ್ದೆ. ಆ ಭಾನುವಾರ ಬರುವ ಮೊದಲೇ ತಾತ ಹೋದ ಸುದ್ದಿ ಬಂತು.

ಮಾತಾಡಿಸಲು ಹೋದಾಗ ಅಜ್ಜಿ ಗೋಡೆ ಹಿಡಿದು ಬಾಗಿಲವರೆಗೂ ತಾವೇ ನಡೆದು ಬಂದರು. ಲೆಕ್ಚರರ್ ಹೇಳಿದ್ದನ್ನು ಹೇಳಿದೆ. ಮಗ್ಗದ ಕೋಣೆಯ ಬಾಗಿಲ ಕಡೆ ನೋಡಿದರು. ಆಮೇಲೆ ತೊದಲುತ್ತ ಅಂದರು: “ಆಯ್ತು ಬಿಡಮ್ಮ, ಅವರದೇ ಅನ್ನು... ಜಗಳಕ್ಕೆ ಯಾರವ್ರೆ ಈಗ.”

ಈಗ ಅಜ್ಜಿಯೂ ಇಲ್ಲ. ಈ ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ “ನಡೀರಿ” ಎನ್ನುತ್ತೇನೆ. ಯಾರೂ ತಡೆಯುವುದಿಲ್ಲ, ಯಾರೂ ತಿದ್ದುವುದಿಲ್ಲ. ಕೆಲಸ ಬೇಗ ಮುಗಿದುಬಿಡುತ್ತದೆ...