ಗಾರೆಯ ಮೇಲಿನ ಮಸಿ

ನಾನು ಅಡುಗೆಯವನು. ಮೈಸೂರಿನಿಂದ ಯುರೋಪ್ ಪ್ರವಾಸಕ್ಕೆ ಹೊರಡುವ ಗುಂಪುಗಳ ಜೊತೆ ಕುಕ್ಕರು, ರವೆ, ಸಾಂಬಾರುಪುಡಿ ಹೊತ್ತುಕೊಂಡು ಹೋಗುತ್ತೇನೆ. ಅಲ್ಲಿಯ ಹಿಮ ನೋಡಲು ಬಂದವರಿಗೆ ಇಲ್ಲಿಯ ಉಪ್ಪಿಟ್ಟೇ ಬೇಕು. ಅವರು ಸುತ್ತಾಡಿ ಬರುವವರೆಗೆ ಬಸ್ಸಿನಲ್ಲಿ ಕೂತು ಈರುಳ್ಳಿ ಹೆಚ್ಚುವುದು ನನ್ನ ಪಾಡು. ಕಳೆದ ವರ್ಷ ಇಂಗ್ಲೆಂಡಿನಲ್ಲಿ ಯಜಮಾನರೊಬ್ಬರು ಮಂಡಿನೋವೆಂದು ಬಸ್ಸಿಳಿಯಲಿಲ್ಲ. ಅವರ ಟಿಕೆಟ್ ದಂಡವಾಗಬಾರದೆಂದು ನನ್ನನ್ನು ಒಳಗೆ ಕಳಿಸಿದರು.

ಎರಡು ಸಾವಿರ ವರ್ಷ ಹಿಂದಿನ ರೋಮನ್ನರ ಸ್ನಾನದ ಮನೆಯಂತೆ ಅದು. ಅಗೆದು ತೆಗೆದ ಮುರುಕು ಗೋಡೆಗಳು, ಕೊಚ್ಚೆ ಹರಿಯುತ್ತಿದ್ದ ಕಲ್ಲಿನ ಚರಂಡಿ, ನೀರು ಬರುತ್ತಿದ್ದ ಸೀಸದ ಕೊಳವೆಯ ತುಂಡು. ಚರಂಡಿಯ ಕೆಸರಿನಲ್ಲಿ ಹೆಂಗಸರ ಕೂದಲ ಪಿನ್ನುಗಳು ಸಿಕ್ಕಿದ್ದವಂತೆ. ನಮ್ಮವರು ಐದೇ ನಿಮಿಷದಲ್ಲಿ ಫೋಟೋ ಮುಗಿಸಿ, ಇದಕ್ಕೂ ಟಿಕೆಟ್ಟಾ ಎಂದು ಗೊಣಗತೊಡಗಿದರು. ನಾನು ಮಾತ್ರ ನಿಂತಲ್ಲೇ ನಿಂತುಬಿಟ್ಟೆ. ಚೌಕದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ ಗಿಡ್ಡ ಕಂಬಗಳು, ಅವುಗಳ ಮೇಲೆ ನೆಲ. ಒಲೆಯ ಬಾಯಿ ಗೋಡೆಯ ಆಚೆಗೆ. ಬೆಂಕಿ ಹೊರಗೆ, ಕಾವು ಒಳಗೆ. ನೆಲದಡಿ ಹರಿದ ಬಿಸಿ ಗೋಡೆಯೊಳಗಿನ ಟೊಳ್ಳು ಇಟ್ಟಿಗೆಗಳಲ್ಲಿ ಹತ್ತಿ ಮೇಲೆ ಹೋಗುತ್ತದೆ. ಮೀಯುವವರ ಕಣ್ಣಿಗೆ ಹೊಗೆಯ ಸುಳಿವೂ ಇಲ್ಲ.

ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನ್ನಪ್ಪ ಬೆಟ್ಟದಪುರದ ಸುತ್ತಮುತ್ತ ಹೊಗೆಸೊಪ್ಪಿನ ಬ್ಯಾರನ್ ಕಟ್ಟುತ್ತಿದ್ದ ಗಾರೆ ಕೆಲಸದವನು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಸಾಲುಸಾಲಾಗಿ ತೂಗುಹಾಕಿ ಬೇಯಿಸುವ ಎತ್ತರದ ಕೋಣೆಯೇ ಬ್ಯಾರನ್. ಅಲ್ಲೂ ಒಲೆ ಹೊರಗೆ. ಬೆಂಕಿಯ ಕಾವು ತಗಡಿನ ದೊಡ್ಡ ಪೈಪಿನಲ್ಲಿ ನೆಲವನ್ನೆಲ್ಲ ಸುತ್ತಿ ಚಿಮಣಿಯಿಂದ ಹೊರಡಬೇಕು, ಹೊಗೆ ಸೊಪ್ಪಿಗೆ ಸೋಕಬಾರದು. ಅಪ್ಪ ಒಲೆಯ ಬಾಯನ್ನು ಬೇಕೆಂದೇ ಕಿರಿದಾಗಿ ಇಡುತ್ತಿದ್ದ, ಸೀಳಿದ ಸೌದೆ ಮಾತ್ರ ಹಿಡಿಯುವಷ್ಟು. ಬೆಂಕಿ ಇರುವ ಕಡೆ ಸಿಮೆಂಟು ಮುಟ್ಟುತ್ತಿರಲಿಲ್ಲ. ಕೆಮ್ಮಣ್ಣಿಗೆ ಬೂದಿ ಬೆರೆಸಿ ತುಳಿದ ಗಾರೆಯೇ ಆಗಬೇಕು.

ಸ್ನಾನದ ಮನೆಯ ಗೈಡ್ ಹೆಂಗಸು ಒಲೆಯ ಬಾಯಿಗೆ ಟಾರ್ಚ್ ಹಿಡಿದಳು. ನಮ್ಮ ಟೂರಿನ ಹುಡುಗಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಮೊದಲು ಈ ಬಾಯಿ ಚಿಕ್ಕದಿತ್ತಂತೆ. ಆಮೇಲೆ ಯಾರೋ ಒಡೆದು ಅಗಲ ಮಾಡಿ, ಬೇರೆ ಗಾರೆಯಿಂದ ತೇಪೆ ಹಾಕಿದ್ದಾರೆ. ಆ ಹೊಸ ಗಾರೆಯ ಮೇಲೂ ಮಸಿ ಕಟ್ಟಿದೆ. ಅಂದರೆ ಅಗಲ ಮಾಡಿದ ಮೇಲೂ ಉರಿ ಹಾಕಿದ್ದಾರೆ, ಜಾಸ್ತಿಯೇ ಹಾಕಿದ್ದಾರೆ, ಅದಕ್ಕೇ ಮೇಲಿನ ನೆಲ ಬಿರಿದಿದೆ. ಮೊದಲು ಕಟ್ಟಿದವನದು ತಪ್ಪಿಲ್ಲ ಎಂದಳಂತೆ ಗೈಡು. ಎರಡು ಸಾವಿರ ವರ್ಷ ಕಳೆದ ಮೇಲೂ ಒಬ್ಬ ಗಾರೆಯವನ ಪರವಾಗಿ ಮಾತಾಡುವವರಿದ್ದಾರಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ನನ್ನಪ್ಪನ ಪರ ಯಾರೂ ಮಾತಾಡಿರಲಿಲ್ಲ. ನಾನೂ ಮಾತಾಡಿರಲಿಲ್ಲ.

ಅಪ್ಪ ಕಟ್ಟಿದ ಬ್ಯಾರನ್‌ಗಳಲ್ಲಿ ಸುಟ್ಟದ್ದು ಒಂದೇ. ಅದು ರಾವಂದೂರಿನ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರಮಾವ, ಅಂದರೆ ಅವ್ವನ ಅಣ್ಣ ಕಟ್ಟಿಸಿದ್ದು. ಒಂದು ಮಧ್ಯಾಹ್ನ ಸೊಪ್ಪಿನ ಸಮೇತ ಉರಿದುಹೋಯಿತು. ಸೊಪ್ಪು ಮಾವನೊಬ್ಬನದಲ್ಲ, ಅಣ್ಣತಮ್ಮಂದಿರು ಮೂವರದೂ. ಭಾವ, ಅಂದರೆ ನನ್ನಪ್ಪ, ಹಾಕಿದ ಪೈಪಿನ ಬೆಸುಗೆ ಬಿಟ್ಟುಕೊಂಡಿತು ಎಂದು ಮಾವ ಎಲ್ಲರ ಎದುರು ಹೇಳಿದ. ಮಾರನೇ ದಿನ ಅಪ್ಪ ಹೋಗಿ ಒಲೆಯೊಳಗೆ ಇಣುಕಿ ನೋಡಿ, ಕೈ ತೊಳೆದುಕೊಂಡು, ಒಂದು ಮಾತೂ ಆಡದೆ ವಾಪಸ್ ಬಂದ. ಮೌನ ಅಂದರೆ ಒಪ್ಪಿಗೆ ಎಂದು ಊರು ತಿಳಿಯಿತು. ಹದಿನಾರು ವರ್ಷದ ನಾನೂ ಹಾಗೇ ತಿಳಿದೆ. ಆಮೇಲೆ ಅಪ್ಪನನ್ನು ಬ್ಯಾರನ್ ಕೆಲಸಕ್ಕೆ ಒಬ್ಬರೂ ಕರೆಯಲಿಲ್ಲ. ಸಾಯುವ ತನಕ ಶುಂಠಿ ಹೊಲಗಳಲ್ಲಿ ಕೂಲಿ ಮಾಡಿದ.

ಮಾವ ಮಾತ್ರ ನಮ್ಮ ಕೈ ಬಿಡಲಿಲ್ಲ. ನನ್ನನ್ನು ಹುಣಸೂರಿನ ಮದುವೆ ಅಡುಗೆಯವರ ಹತ್ತಿರ ಕೆಲಸಕ್ಕೆ ಸೇರಿಸಿದ, ನನ್ನ ಮದುವೆಯಲ್ಲಿ ಮುಂದೆ ನಿಂತು ಓಡಾಡಿದ. ಇಂಥ ದೊಡ್ಡ ಮನಸ್ಸಿನ ಮನುಷ್ಯನಿಗೆ ಅಪ್ಪ ನಷ್ಟ ಮಾಡಿದನಲ್ಲ ಎಂದು ನಾನು ತಲೆ ತಗ್ಗಿಸಿಕೊಂಡೇ ಬೆಳೆದೆ. ಒಮ್ಮೆ ಅಪ್ಪ ನನಗೆ ಹೊಸ ಒಲೆ ಕಟ್ಟಿಕೊಡಲು ಬಂದಾಗ ಬೇಡ ಎಂದು ವಾಪಸ್ ಕಳಿಸಿದೆ. ಈ ಸಾಲು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ.

ಪ್ರವಾಸ ಮುಗಿಸಿ ಬಂದ ವಾರವೇ ಮಾವನ ಹೊಲಕ್ಕೆ ಹೋದೆ. ಸುಟ್ಟ ಬ್ಯಾರನ್ ಹಾಗೇ ಇತ್ತು. ಅದು ಕೆಟ್ಟ ಜಾಗ ಎಂದು ಮಾವ ಹೊಸದನ್ನು ರಸ್ತೆ ಪಕ್ಕ ಕಟ್ಟಿಸಿಕೊಂಡಿದ್ದ. ಹಳೆಯದರಲ್ಲಿ ಮತ್ತೆ ಒಲೆ ಹಚ್ಚಲೇ ಇಲ್ಲ. ಲಂಟಾನ ಪೊದೆ ಸವರಿ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಮೊಬೈಲಿನ ಟಾರ್ಚ್ ಬಿಟ್ಟೆ. ಕಮಾನಿನ ಮೇಲೆ ಅಪ್ಪನ ಕೆಮ್ಮಣ್ಣಿನ ಗಾರೆ, ಬೆಂದು ಕಲ್ಲಾಗಿತ್ತು. ಕೆಳಗೆ ಎರಡೂ ಕಡೆ ಇಟ್ಟಿಗೆ ಒಡೆದು, ಇಡೀ ಮರದ ದಿಮ್ಮಿ ನುಗ್ಗಿಸುವಷ್ಟು ಬಾಯಿ ಅಗಲ ಮಾಡಿ, ಅಂಚಿಗೆ ಸಿಮೆಂಟು ಮೆತ್ತಿದ್ದರು. ಉಗುರಿನಿಂದ ಕೆರೆದೆ. ಮಸಿ ಸಿಮೆಂಟಿನ ಮೇಲಿತ್ತು, ಪದರ ಪದರವಾಗಿ. ಅಂದರೆ ಬ್ಯಾರನ್ ಸುಡುವ ಮೊದಲೇ ಬಾಯಿ ಒಡೆದಿದ್ದರು. ಸೌದೆ ಸೀಳುವ ಸೋಮಾರಿತನಕ್ಕೆ ಬಾಯಿ ಒಡೆಸಿ, ಅಳತೆ ಮೀರಿ ಉರಿ ಹಾಕಿ, ಪೈಪು ಕೆಂಪಗೆ ಕಾದು ಸೊಪ್ಪಿಗೆ ಬೆಂಕಿ ಹತ್ತಿಕೊಂಡಿದೆ. ಅಪ್ಪ ಅವತ್ತು ಇಣುಕಿ ನೋಡಿದ್ದು ಇದನ್ನೇ.

ಮಾವ ಜಗಲಿಯ ಮೇಲೆ ಕೂತಿದ್ದ. ಒಲೆ ಬಾಯಿ ಒಡೆಸಿದ್ದು ನೀನೇನಾ ಎಂದು ನೇರವಾಗಿ ಕೇಳಿದೆ. ಅಲ್ಲ ಅನ್ನಲಿಲ್ಲ. ಅಣ್ಣತಮ್ಮಂದಿರಿಗೆ ಗೊತ್ತಾಗಿದ್ದರೆ ಅವತ್ತೇ ಮನೆ ಮೂರು ಭಾಗ ಆಗುತ್ತಿತ್ತು ಎಂದು, ಯಾರದೋ ಸುದ್ದಿ ಹೇಳುವಂತೆ ಹೇಳಿದ. ನನ್ನ ಕೈಯ ಮಸಿ ನೋಡಿ ಚೊಂಬಿನಲ್ಲಿ ನೀರು ತರಿಸಿದ. ನಾನು ಮುಟ್ಟಲಿಲ್ಲ.

"ನನ್ನೊಬ್ನ ಮ್ಯಾಲೇ ಸಿಟ್ಟಾಗ್ಬ್ಯಾಡ ಕಣೋ ಅಳಿಯ," ಅಂದ. "ನಿಮ್ಮವ್ವನ್ನೂ ಕೇಳು."

ಅವ್ವ ಹುಣಸೂರಿನಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಹೋದಾಗ ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಅಪ್ಪ ಅವತ್ತು ಮನೆಗೆ ಬಂದವನೇ ಎಲ್ಲ ಹೇಳಿದನಂತೆ. ಅಣ್ಣನ ಮನೆ ಒಡೆಯುವ ಮಾತು ಆಡಬೇಡಿ, ನನ್ನ ತವರು ಉಳಿಸಿ ಎಂದು ಇವಳು ಅಪ್ಪನ ಕೈಯಲ್ಲಿ ಆಣೆ ಹಾಕಿಸಿಕೊಂಡಳಂತೆ. ಅಷ್ಟು ವರ್ಷ ನಾನು ಅಪ್ಪನನ್ನು ಹೀಯಾಳಿಸುವಾಗಲೆಲ್ಲ ಇವಳು ಅಲ್ಲೇ ಇದ್ದಳು.

ನನಗಾದರೂ ಹೇಳಬಹುದಿತ್ತಲ್ಲ ಎಂದೆ. ನನ್ನ ಧ್ವನಿ ಏರಿತ್ತು. ಆಗ ಅವಳು ಮೊರ ಪಕ್ಕಕ್ಕಿಟ್ಟಳು.

"ಆಸ್ಪತ್ರೇಲಿ ಕೊನೇ ದಿನ ನಿಮ್ಮಪ್ಪ ಕೇಳುದ್ರು ಕಣಪ್ಪ, ಈಗ್ಲಾದ್ರೂ ಮಗಂಗೆ ಯೋಳ್ಬುಡ್ಲಾ ಅಂತ. ನಾನೇ ಬ್ಯಾಡ ಅಂದೆ. ನಿಂಗೆ ಮಾವ ಅಂದ್ರೆ ಅಷ್ಟು ಪ್ರೀತಿ ಇತ್ತಲ್ಲ, ಅದ್ನ ಯಾಕೆ ಕೆಡುಸ್ಬೇಕು ಅಂತ."

ಅವತ್ತು ನಾನು ಆಸ್ಪತ್ರೆಯಲ್ಲೇ ಇದ್ದೆ. ಆ ವಾರ್ಡಿನ ಬಾಗಿಲಾಚೆ ಬೆಂಚಿನ ಮೇಲೆ ಮಾವನ ಜೊತೆ ಕೂತು ಕಾಫಿ ಕುಡಿಯುತ್ತಿದ್ದೆ.