ಮೇಸರ್ ಮಾವನ ನಕ್ಷತ್ರ

ರೇಡಿಯೋ ದೂರದರ್ಶಕ ಕೇಂದ್ರದಲ್ಲಿ ಆ ಹಿರಿಯ ವಿಜ್ಞಾನಿಯನ್ನು ಎಲ್ಲರೂ ಬೆನ್ನ ಹಿಂದೆ ಮೇಸರ್ ಮಾವ ಎನ್ನುತ್ತಿದ್ದರು. ಮುಪ್ಪಾದ ನಕ್ಷತ್ರ ಊದಿಕೊಂಡು ತನ್ನ ಮೈಯ ಅನಿಲವನ್ನು ಹೊರಗೆ ಚೆಲ್ಲುತ್ತದೆ. ಅದರಲ್ಲಿರುವ ನೀರಾವಿ ರೇಡಿಯೋ ಅಲೆಯನ್ನು ಲೇಸರಿನಂತೆ ಬಲಪಡಿಸಿ ಕಳಿಸುತ್ತದೆ. ಅದೇ ಮೇಸರ್. ಅಂಥ ಒಂದೇ ಒಂದು ನಕ್ಷತ್ರದ ಮೇಲೆ ಮಾವ ತನ್ನ ಇಡೀ ದೊಡ್ಡಸ್ತಿಕೆ ಕಟ್ಟಿಕೊಂಡಿದ್ದ. "ಅನಿಲ ಚದುರಿ ಇದು ನೆಬ್ಯುಲಾ, ಅಂದ್ರೆ ಹೊಳೆಯೋ ಮೋಡ, ಆಗೋ ಹೊತ್ತಿಗೆ ಈ ಸಂಕೇತ ನಿಂತುಹೋಗುತ್ತೆ. ಅದನ್ನ ಕಣ್ಣಾರೆ ನೋಡಿದವನೇ ಪುಣ್ಯವಂತ," ಎಂದು ತರಗತಿಯಲ್ಲಿ ಕೊರೆಯುತ್ತಿದ್ದ.

ಕೆಲವು ವರ್ಷಗಳಿಂದ ಕುಗ್ಗುತ್ತಿದ್ದ ಸಂಕೇತ ಒಂದು ಬೆಳಿಗ್ಗೆ ಪರದೆಯ ಮೇಲೆ ಬರೀ ಮಟ್ಟಸ ಗೆರೆಯಾಯಿತು. ನಮ್ಮ ಪುಣ್ಯವಂತ ಏನು ಮಾಡಿದ? ಮೇಜು ಗುದ್ದಿದ. ರಿಸೀವರ್ ಕೆಟ್ಟಿದೆ ಎಂದು ಕೂಗಾಡಿ ಅದನ್ನು ದೂರದರ್ಶಕದಿಂದ ಕೆಳಗಿಳಿಸಿದ, ಬಿಚ್ಚಿಸಿದ, ಮತ್ತೆ ಏರಿಸಿದ. ಅದೇ ರಿಸೀವರಿಗೆ ಬೇರೆ ನಕ್ಷತ್ರಗಳೆಲ್ಲ ಚೆನ್ನಾಗಿಯೇ ಸಿಗುತ್ತಿದ್ದವು.

ಪಕ್ಕದ ಕೋಣೆಯ ವಿಜ್ಞಾನಿ, ಅವನದೇ ಹಳೆಯ ಶಿಷ್ಯೆ, ಮೆಲ್ಲಗೆ ಹೇಳಿದಳು: "ಸರ್, ನಿಲ್ಲುತ್ತೆ ಅಂತ ನೀವೇ ಹೇಳ್ತಿದ್ರಲ್ಲ. ನಿಂತಿದೆ. ಇಬ್ರೂ ಸೇರಿ ಪ್ರಬಂಧ ಬರೆಯೋಣ."

"ನನ್ನ ನಕ್ಷತ್ರ ಹೇಗಮ್ಮ ನಿಲ್ಲುತ್ತೆ? ನಿನಗೆ ಉಪಕರಣ ನೋಡೋಕೇ ಬರಲ್ಲ!"

ಅವಳು ಒಬ್ಬಳೇ ಬರೆದಳು. ಬೇರೆ ಎರಡು ದೂರದರ್ಶಕಗಳೂ ಹೌದೆಂದವು.

ಅವಳ ಅಭಿನಂದನಾ ಸಭೆಯಲ್ಲಿ ಮಾವ ಮುಂದಿನ ಸಾಲಿನಲ್ಲೇ ಕೂತಿದ್ದ, ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು. "ಇದನ್ನ ನಾನು ಎಂದೋ ಹೇಳಿದ್ದೆ," ಎಂದು ಪಕ್ಕಕ್ಕೆ ವಾಲಿ ಪಿಸುಗುಟ್ಟಿದ.

ಪಕ್ಕದಲ್ಲಿದ್ದವಳು ಹೆಂಡತಿ. "ಹೇಳಿದ್ರಿ ಬಿಡಿ," ಎಂದಳು, "ನೀವೇ ನಂಬ್ಲಿಲ್ಲ ಅಷ್ಟೇ."